ಚೀಟಿ ಕಳಚಿದ ದನಿ

ನಿನ್ನೆ ಸಭೆಯಲ್ಲಿ ನಾನು ತಲೆ ಆಡಿಸಿದೆನೇ, ಇಲ್ಲವೇ?

ಬೆಳಗಿನಿಂದ ಇದೊಂದೇ ಕೊರೆಯುತ್ತಿದೆ. ನನ್ನ ನೆನಪಿನಂತೆ ಕಣ್ಣಿನ ಮೇಲೆ ಬಿದ್ದ ಕೂದಲನ್ನು ಹಿಂದಕ್ಕೆ ಹಾಕಲು ತಲೆ ಕೊಡವಿದೆ, ಅಷ್ಟೇ. ಆದರೆ ನಮ್ಮ ಧ್ವನಿ ಭಂಡಾರದ ಮುಖ್ಯಸ್ಥರಾದ ಹಂಚಿನಮನಿ ಸರ್ ಅದನ್ನು 'ಹೌದು' ಎಂದು ಓದಿಕೊಂಡರು. ನಡಾವಳಿಯಲ್ಲಿ ಹೀಗೆ ಬರೆಸಿದರು: "ದನಿ ಕಡತಗಳಿಗೆ ಮೊದಲಿನಿಂದಲೂ ಯಾವುದೇ ಷರತ್ತು ಇರಲಿಲ್ಲ ಎಂಬುದನ್ನು ತಾಂತ್ರಿಕ ಸಹಾಯಕಿ ಚನ್ನಾಂಬಿಕಾ ಹೊಸಳ್ಳಿ ದೃಢಪಡಿಸಿದರು."

ಸುಳ್ಳು. ಷರತ್ತು ಇತ್ತು. ಎಲ್ಲ ನಲವತ್ತೊಂದು ಸಾವಿರ ಕಡತಗಳಿಗೂ ಇತ್ತು. ಸೋಮವಾರ ಬಹಿರಂಗ ವಿಚಾರಣೆ. ಅದು ಮುಗಿದರೆ ಆ ದನಿಗಳೆಲ್ಲ 'ವಾರಸುದಾರರಿಲ್ಲದ ಕಡತ'ಗಳಾಗಿ ಈಗಾಗಲೇ ಅವನ್ನು ಬಳಸುತ್ತಿರುವ ಒಂದು ಕಂಪನಿಯ ಪಾಲಿಗೆ ಖಾಯಂ ಆಗಿ ಹೋಗುತ್ತವೆ. ನಾನು ಕೂದಲು ಸರಿಮಾಡಿಕೊಂಡಿದ್ದಕ್ಕೆ.

ಈ ಮಾತನ್ನು ಡೈರಿಯ ಹೊರಗೆ ಹೇಳುವ ಧೈರ್ಯ ನನಗಿಲ್ಲ. ಬಸ್ಸಿನಲ್ಲಿ ನನ್ನ ಸ್ಟಾಪು ಬಂದರೂ ಕಂಡಕ್ಟರನನ್ನು ಕೂಗಲಾರದೆ ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದು ಬರುವವಳು ನಾನು. ಆದರೆ ಇವತ್ತು ಸಿಟ್ಟು ಬಂದಿದೆ. ಪೆನ್ನಿನ ಮೊನೆ ಎರಡು ಕಡೆ ಕಾಗದ ಹರಿದಿದೆ. ಹರಿಯಲಿ.

ನಮ್ಮದು ಬೆಟಗೇರಿಯಲ್ಲಿ ಹಿಟ್ಟಿನ ಗಿರಣಿ. ಜನ ಡಬ್ಬಿ ಇಟ್ಟು ಹೋಗುತ್ತಾರೆ, ಅಪ್ಪ ಪ್ರತಿ ಡಬ್ಬಿಯ ಹಿಡಿಕೆಗೂ ಒಂದು ಚೀಟಿ ಕಟ್ಟುತ್ತಾನೆ. 'ಬಡಿಗೇರ ಮನಿ, ಜ್ವಾಳ, ಸಣ್ಣಗ.' 'ಕಮಲವ್ವ, ಗೋದಿ, ಸಾಣಿಗಿ ಹಿಡೀಬ್ಯಾಡ.' 'ಬಾಣಂತಿ ಮನಿ, ಮೆಣಸಿನಕಾಯಿ ಬೀಸಿದ ಮ್ಯಾಲೆ ಬೀಸಬ್ಯಾಡ.' ಚೀಟಿ ಕಾಳಿನೊಳಗೆ ಇರುವುದಿಲ್ಲ. ಅದರಿಂದ ಡಬ್ಬಿಯ ತೂಕವೂ ಹೆಚ್ಚುವುದಿಲ್ಲ. ಆದರೆ ಅದು ಕಳಚಿ ಬಿದ್ದರೆ ಆ ಕಾಳು ಯಾರದು, ಅದನ್ನು ಏನು ಮಾಡಬೇಕು ಎಂದು ಕಾಳನ್ನು ಎಷ್ಟು ನೋಡಿದರೂ ತಿಳಿಯುವುದಿಲ್ಲ.

ಕಂಪ್ಯೂಟರಿನ ಕಡತವೂ ಹಾಗೆಯೇ. ಒಳಗಿರುವುದು ಕಾಳು. ಹೆಸರು, ತಾರೀಖು, ಗಾತ್ರ ಇಷ್ಟನ್ನು ಎಲ್ಲ ವ್ಯವಸ್ಥೆಗಳೂ ಬರೆದಿಟ್ಟುಕೊಳ್ಳುತ್ತವೆ. ಅದರಾಚೆಗೆ ನಮಗೆ ಬೇಕಾದ ಮಾತನ್ನು ಕಡತಕ್ಕೇ ಕಟ್ಟಿಬಿಡುವ ಅನುಕೂಲ ಮುಕ್ತ ತಂತ್ರಾಂಶದ ಕಾರ್ಯಾಚರಣೆ ವ್ಯವಸ್ಥೆಗಳಲ್ಲಿ ಬಹಳ ಹಿಂದಿನಿಂದ ಇದೆ. ಪಠ್ಯಪುಸ್ತಕದಲ್ಲಿ ಅದಕ್ಕೆ 'ವಿಸ್ತೃತ ಗುಣಲಕ್ಷಣ' ಎಂದು ಹೆಸರು. ಭಂಡಾರದಲ್ಲಿ ನಾವು ಚೀಟಿ ಎನ್ನುತ್ತೇವೆ. ಹೆಸರು ಗಿರಣಿಯಿಂದ ತಂದವಳು ನಾನೇ.

ದನಿ ಕೊಟ್ಟವರ ಮಾತು ಮೀರಿ ಅದನ್ನು ಬಳಸಬಾರದೆಂಬ ಷರತ್ತು ಕಾಯ್ದೆ ಬಂದ ಮೇಲೆ ಈ ಚೀಟಿಗೆ ಜೀವ ಬಂತು. ಯಂತ್ರಗಳು ನಮ್ಮ ಸೀಮೆಯ ಮಾತು ಕಲಿಯಲಿ ಎಂದು ಭಂಡಾರ ಜನರ ದನಿ ಮುದ್ರಿಸಿಕೊಳ್ಳುತ್ತಿತ್ತು. ದನಿ ಕೊಟ್ಟವರು ತಮ್ಮ ಷರತ್ತು ಹೇಳುತ್ತಿದ್ದರು, ನಾವು ಅದನ್ನು ಚೀಟಿಯಾಗಿ ಕಟ್ಟುತ್ತಿದ್ದೆವು. ಕಡತ ತೆರೆಯುವ ಮೊದಲು ವ್ಯವಸ್ಥೆಯ ತಿರುಳೇ ಚೀಟಿ ಓದುತ್ತದೆ. ಷರತ್ತು ಕೂಡಿಬರದಿದ್ದರೆ ಮಂತ್ರಿಯೇ ಬಂದು ಕುಳಿತರೂ ಕಡತ ಬಾಯಿ ಬಿಡುವುದಿಲ್ಲ. ಓದಿಕೊಂಡಿದ್ದು ಸಾರ್ಥಕವಾಯಿತು ಎಂದು ನಾನು ಡೈರಿಯಲ್ಲಿ ಬರೆದುಕೊಂಡಿದ್ದೆ. ನನ್ನಂಥವರ ಪರವಾಗಿ 'ಬೇಡ' ಎಂದು ಹೇಳುವ ಯಂತ್ರ!

ಅದರ ಬಾಯನ್ನು ಮುಚ್ಚಿಸಿದವಳೂ ನಾನೇ.

ಕಳೆದ ಆಯುಧಪೂಜೆಯ ಹಿಂದಿನ ದಿನ. ಪ್ರತಿ ವರ್ಷ ಆ ದಿನ ಭಂಡಾರದ ಕಡತಗಳನ್ನೆಲ್ಲ ಒಂದು ಹೊರಗಿನ ಡಿಸ್ಕಿಗೆ ನಕಲು ಮಾಡುತ್ತೇವೆ. ಮರುದಿನ ಯಂತ್ರಗಳನ್ನು ನಿಲ್ಲಿಸಿ, ಕುಂಕುಮ ಹಚ್ಚಿ, ಆ ಡಿಸ್ಕನ್ನೂ ಬಾಳೆ ಎಲೆಯ ಮೇಲೆ ಇಟ್ಟು ಪೂಜೆ ಮಾಡುತ್ತೇವೆ. ಆ ವರ್ಷ ಹಂಚಿನಮನಿ ಸರ್ ಹೊಸ ಡಿಸ್ಕು ತಂದರು. ತಮ್ಮ ಲ್ಯಾಪ್‌ಟಾಪಿಗೆ ಹಾಕಿ ದೊಡ್ಡವರಿಗೆ ತೋರಿಸಬೇಕಾಗಿತ್ತಂತೆ. ಅದನ್ನು ಹಳೆಯ ಮಾದರಿಯಲ್ಲಿ ಅಣಿಗೊಳಿಸಲು ಹೇಳಿದರು. ಆ ಮಾದರಿಯಲ್ಲಿ ಚೀಟಿ ಕಟ್ಟಲು ಜಾಗವೇ ಇಲ್ಲ. ಹಿಡಿಕೆ ಇಲ್ಲದ ಡಬ್ಬಿ ಅದು.

ನಕಲು ಶುರುವಾದೊಡನೆ ಪರದೆಯ ಮೇಲೆ ಕೆಂಪು ಸಾಲುಗಳು ಇಳಿಯತೊಡಗಿದವು. 'ಚೀಟಿ ಒಯ್ಯಲಾಗಲಿಲ್ಲ. ಬೆಂಬಲವಿಲ್ಲ.' 'ಚೀಟಿ ಒಯ್ಯಲಾಗಲಿಲ್ಲ. ಬೆಂಬಲವಿಲ್ಲ.' ಒಂದೊಂದು ಕಡತಕ್ಕೂ ಒಂದೊಂದು ಸಾಲು.

"ಏನಿದು, ಹಬ್ಬದ ಹೊತ್ತಿನ್ಯಾಗ ಪರದಿ ತುಂಬ ರಕ್ತ ಚೆಲ್ಲಿದಂಗ?" ಎಂದರು ಸರ್.

"ಚೀಟಿ ಹೋಗಾಕ ಒಲ್ಲವು ಸರ್" ಎಂದೆ. ಎಂದೆನೋ, ಬರೀ ತುಟಿ ಅಲ್ಲಾಡಿಸಿದೆನೋ.

"ದನಿ ಹೊಂಟಾವಿಲ್ಲೊ?"

"ದನಿ ಹೊಂಟಾವ್ರಿ, ಆದ್ರ…"

"ಹೊಂಟಾವಂದ್ರ ಮುಗೀತು. ಆ ಕೆಂಪ ಅಕ್ಷರದ ಬಾಯಿ ಮುಚ್ಚಸು. ನಾಳೆ ಪೂಜಿಗೆ ಬಂದವರು ನೋಡಿದ್ರ ಏನಂದಾರು?"

ಆಜ್ಞೆಯ ಕೊನೆಗೆ ಒಂದು ಪದ ಸೇರಿಸಿದರೆ ಯಂತ್ರ ದೂರು ಹೇಳುವುದನ್ನು ನಿಲ್ಲಿಸುತ್ತದೆ. ನಾನು ಆ ಪದ ಸೇರಿಸಿದೆ. ಪರದೆ ಕಪ್ಪಗೆ, ಶಾಂತವಾಗಿ ನಿಂತಿತು. ಅಸಲು ಯಂತ್ರದಲ್ಲಿ ಚೀಟಿಗಳು ಹೇಗೂ ಭದ್ರವಾಗಿವೆಯಲ್ಲ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ.

ಮರುದಿನ ಸರ್ ಮುಖ್ಯ ಯಂತ್ರದ ಕಪಾಟಿನ ಹೊಸ್ತಿಲಿಗೇ ತೆಂಗಿನಕಾಯಿ ಒಡೆದರು. ಹೊರಗೆ ಒಡೆಯಿರಿ ಎಂದು ಯಾರೂ ಹೇಳಲಿಲ್ಲ. ಕಾಯಿ ಚಲೋ ಬಲಿತಿತ್ತು, ನೀರು ಜೋರಾಗಿ ಚಿಮ್ಮಿತು. ಎಲ್ಲರೂ ಶುಭ ಎಂದರು. ಆ ನೀರು ಕೆಳಗಿನ ವಿದ್ಯುತ್ ಹಲಗೆಯೊಳಗೆ ಇಳಿದಿತ್ತು. ಪೂಜೆ ಮುಗಿಸಿ ಗುಂಡಿ ಒತ್ತಿದಾಗ ಚಟ್ ಎಂದು ಒಂದೇ ಶಬ್ದ. ಡಿಸ್ಕುಗಳ ಸಾಲು ಸಾಲೇ ಸುಟ್ಟಿತು. ಕುಂಕುಮ ಹಚ್ಚಿದ ನಕಲಿನಿಂದ ಎಲ್ಲವನ್ನೂ ಮತ್ತೆ ತುಂಬಿಸಿದೆವು. ಬೇರೆ ಊರಿನಲ್ಲಿದ್ದ ಜೋಡಿ ಪ್ರತಿಯೂ ನಮ್ಮದನ್ನು ನೋಡಿ ತಾನೂ ಹಾಗೆಯೇ ತಿದ್ದಿಕೊಂಡಿತು. ಅದಕ್ಕೆ ಅಷ್ಟೇ ಹೇಳಿಕೊಟ್ಟಿತ್ತು.

ಹೀಗೆ ನಲವತ್ತೊಂದು ಸಾವಿರ ಚೀಟಿಗಳು ಒಂದು ತೆಂಗಿನಕಾಯಿಗೆ ಹೋದವು.

ಆದರೂ ವ್ಯವಸ್ಥೆ ಒಳ್ಳೆಯದಿತ್ತು. ಚೀಟಿ ಇಲ್ಲದ ಕಡತವನ್ನು ಅದು ತೆರೆಯುತ್ತಲೇ ಇರಲಿಲ್ಲ. ಇಡೀ ಭಂಡಾರ ಬಾಯಿ ಮುಚ್ಚಿ ಕುಳಿತಿತು. ವಾರದಲ್ಲಿ ತಪಾಸಣೆ ಇತ್ತು. ತಪಾಸಣೆಗೆ ಬಂದವರು ಒಂದೂ ಕೊರತೆ ಬರೆಯದೆ ಹೋದರು. ಆ ವಾರ ಒಳಗೆ ಏನು ನಡೆಯಿತು ಎಂದು ನಾನು ಕೇಳಲಿಲ್ಲ. ಕೇಳದೆ ಇರುವುದು ನನಗೆ ಸುಲಭ.

ಇದೆಲ್ಲ ಇವತ್ತು ಯಾಕೆ ಉಕ್ಕಿತೆಂದರೆ, ಬೆಳಿಗ್ಗೆ ಫಕೀರವ್ವ ಗಿರಣಿಗೆ ಬಂದಿದ್ದಳು.

ಫಕೀರವ್ವ ಹಾತಲಗೇರಿ ನಾಕಾದ ಕಡೆಯವಳು, ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುತ್ತಾಳೆ. ಜೊತೆಗೆ ಅವಳ ಮೊಮ್ಮಗಳು ಲೀಲಿ, ಒಂಬತ್ತು ವರ್ಷ. ಲೀಲಿಯ ಕೈಯಲ್ಲಿ ಫೋನು, ಕಿವಿಗೆ ಒತ್ತಿಕೊಂಡೇ ಬಂದಿದ್ದಳು. ಫಕೀರವ್ವ ಜೋಳದ ಡಬ್ಬಿ ಇಟ್ಟವಳು ಅಪ್ಪನನ್ನು ಬಿಟ್ಟು ನನ್ನನ್ನೇ ದಿಟ್ಟಿಸಿದಳು.

"ನೀನ ಅಲ್ಲೇನವಾ, ನಮ್ಮ ಸಾವಂತ್ರಿ ದನಿ ತುಂಬಿಕೊಂಡಾಕಿ?"

ಸಾವಂತ್ರಿ ಅವಳ ಮಗಳು. ಎರಡು ವರ್ಷದ ಹಿಂದೆ, ತಲೆಗೆ ವಸ್ತ್ರ ಸುತ್ತಿಕೊಂಡು ಭಂಡಾರಕ್ಕೆ ಬಂದಿದ್ದಳು. ನಲವತ್ತು ನಿಮಿಷ ಮಾತಾಡಿದಳು, ನಡುನಡುವೆ ನೀರು ಕುಡಿಯುತ್ತ. ಮೂರು ತಿಂಗಳಿಗೆ ತೀರಿಕೊಂಡಳು.

"ಹೌದ್ರಿ" ಎಂದೆ.

"ಹಂಗಾರ ಇದನ್ನ ಕೇಳು." ಲೀಲಿಯ ಕೈಯಿಂದ ಫೋನು ಕಿತ್ತು ಸದ್ದು ಜೋರು ಮಾಡಿದಳು.

ಗಿರಣಿ ಬೀಸುತ್ತಿತ್ತು. ಅಪ್ಪ ಪಟ್ಟೆ ಜಾರಿಸಿ ನಿಲ್ಲಿಸಿದ. ಹಿಟ್ಟಿನ ಧೂಳು ಇಳಿಯುತ್ತಿರುವಾಗ ಸಾವಂತ್ರಿಯ ದನಿ ಕೇಳಿತು. ಅದೇ ದನಿ, ಸಾಲಿನ ಕೊನೆಯಲ್ಲಿ ತುಸು ಮೇಲೇಳುವ ಅದೇ ಎಳೆ. "ನಿಮ್ಮ ಅರ್ಜಿ ತಿರಸ್ಕೃತವಾಗಿದೆ. ಮತ್ತೊಮ್ಮೆ ಸಲ್ಲಿಸಲು ಒಂದು ಒತ್ತಿರಿ."

"ಸರ್ಕಾರಿ ಅರ್ಜಿ ಫೋನಿನ್ಯಾಗ ಈಗ ಅಕೀನs ಕುಂತಾಳ" ಎಂದಳು ಫಕೀರವ್ವ. "ಜಿಲ್ಲಾದಾಗಿನ ಮಂದಿಗೆಲ್ಲ ಇಲ್ಲಾ, ಇಲ್ಲಾ, ಇಲ್ಲಾ ಅನ್ನೂದು ನನ್ನ ಮಗಳ ಕೆಲಸ. ಜೀವ ಇದ್ದಾಗ ಒಬ್ಬರಿಗೂ ಇಲ್ಲ ಅಂದಾಕಿ ಅಲ್ಲ. ಮನ್ನೆ ಕಾಯಿಪಲ್ಲೆ ಮಾರಾಕಿ ಬಂದು, ಏನs ಫಕೀರಿ, ನಿನ್ನ ಮಗಳು ಸತ್ತರೂ ಸೊಕ್ಕು ಬಿಟ್ಟಿಲ್ಲಲ್ಲ ಅಂತ ನಕ್ಕಳು. ಆಮ್ಯಾಲೆ ಅಕೀನs ಅತ್ತಳು."

"ಕಂಪನಿಯವರಿಗೆ ಹೇಳ್ಬೇಕಾಗಿತ್ತಲ್ಲ" ಎಂದ ಅಪ್ಪ.

"ಹೇಳೀನಿ. ಚೀಟಿ ಇಲ್ಲದ ದನಿ, ಯಾರ ಅಡ್ಡಿನೂ ಇಲ್ಲ ಅಂದ್ರು. ಅದು ಹೋಗಲಿ, ಈಕೀದು ಕೇಳು." ಲೀಲಿಯ ಜುಟ್ಟು ಹಿಡಿದು ಮುಂದೆ ಎಳೆದಳು. "ಹಾಸ್ಟೆಲ್ ಸೀಟಿಗೆ ಅರ್ಜಿ ಹಾಕಾಕ ಈಕಿಗೇ ಹೇಳೀನಿ, ನನಗ ಓದಾಕ ಬರೂದಿಲ್ಲ. ಹದಿನೇಳು ಸಲ ತಿರಸ್ಕಾರ. ಸಾಲಿ ಗುರುಗಳು ನೋಡ್ತಾರ, ಎಲ್ಲಾ ಬೇಕಂತನs ತಪ್ಪು ತುಂಬ್ಯಾಳ! ಹುಟ್ಟಿದ ತಾರೀಖಿನ್ಯಾಗ ಮೂವತ್ತೆರಡು ಅಂತ ಬರದಾಳ!"

ನಾನು ಲೀಲಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತೆ. ಮಕ್ಕಳೊಂದಿಗೆ ಮಾತ್ರ ನನ್ನ ದನಿ ಹೊರಡುತ್ತದೆ. "ಯಾಕ ಪುಟ್ಟಿ?"

ಅವಳು ನೆಲ ನೋಡುತ್ತ ಹೇಳಿದಳು, "ಸರಿ ತುಂಬಿದ್ರ ಬ್ಯಾರೆ ಯಾರೋ ಗಂಡಸು ಮಾತಾಡ್ತಾನ."

ಫಕೀರವ್ವ ಹಿಡಿದಿದ್ದ ಜುಟ್ಟು ಬಿಟ್ಟಳು.

"ಕಡೀ ತಾರೀಖು ಶನಿವಾರ" ಎಂದಳು ಫಕೀರವ್ವ, ಈಗ ಮೆಲ್ಲಗೆ. "ಆಮ್ಯಾಲೆ ಸೀಟಿಲ್ಲ. ಅರ್ಜಿ ನಾ ಗುರುಗಳ ಕೈಲೆ ತುಂಬಸ್ತೀನಿ, ಅದು ಬ್ಯಾರೆ. ಆದ್ರ ಈಕಿ ನಾಳೆ ಮತ್ತೊಂದು ಅರ್ಜಿ ಹಾಕ್ತಾಳ. ನಾಡಿದ್ದು ಮತ್ತೊಂದು. ನನ್ನ ಮಗಳು ಏನು ಹೇಳಿ ಹೋದಳು, ನನಗ ಗೊತ್ತಿಲ್ಲ. ನಾ ಹೊರಗ ಕುಂತಿದ್ದೆ. ನೀ ಒಳಗಿದ್ದಿ. ಹೇಳು, ಅಕಿ ಇದಕ್ಕ ಹೂಂ ಅಂದಿದ್ದಳೇನು?"

ನಾನು ಬಾಯಿ ತೆರೆದೆ. ಮಾತು ಬರಲಿಲ್ಲ. ಫಕೀರವ್ವ ಒಂದು ಕ್ಷಣ ಕಾದು, "ಆಗ್ಲಿ ಬಿಡವಾ" ಎಂದು ಹೊರಟಳು. ನನ್ನ ಮೌನವನ್ನು ಅವಳೂ ಹೂಂ ಎಂದೇ ಓದಿಕೊಂಡಳು. ಎಲ್ಲರೂ ಹಾಗೆಯೇ ಓದುತ್ತಾರೆ. ಓದುವವರ ತಪ್ಪೆಂದು ಎಷ್ಟು ದಿನ ಹೇಳಿಕೊಳ್ಳಲಿ?

ಅವರು ಹೋದ ಮೇಲೆ ಅಪ್ಪ ಗಿರಣಿ ಶುರು ಮಾಡಲಿಲ್ಲ. ಅಟ್ಟಣಿಗೆಯ ಮೂಲೆಯಲ್ಲಿರುವ ಒಂದು ಹಿತ್ತಾಳೆ ಡಬ್ಬಿಯನ್ನು ಇಳಿಸಿ, ಮುಚ್ಚಳ ತೆಗೆದು, ಒಳಗಿನ ಬೇವಿನ ಎಲೆಗಳನ್ನು ಬದಲಿಸತೊಡಗಿದ. ಆ ಡಬ್ಬಿಯ ಚೀಟಿ ಹನ್ನೊಂದು ವರ್ಷದ ಹಿಂದೆ ಎಲ್ಲೋ ಬಿದ್ದುಹೋಗಿತ್ತು. ಗೋಧಿ ಇನ್ನೂ ಹಾಗೆಯೇ ಇದೆ.

"ಯಾರದಂತ ಗೊತ್ತಿಲ್ಲದ್ದನ್ನ ಯಾಕ ಇಷ್ಟು ಜ್ವಾಕಿ ಮಾಡ್ತಿ ಅಪ್ಪಾ?" ಎಂದೆ. ಎಷ್ಟೋ ವರ್ಷದಿಂದ ಕೇಳಬೇಕೆಂದಿದ್ದೆ.

"ಯಾರದಂತ ಗೊತ್ತಿಲ್ಲ" ಎಂದ ಅಪ್ಪ. "ನಂದಲ್ಲಂತ ಗೊತ್ತೈತಿ. ಅಷ್ಟು ಸಾಲದೇನು?"

ಮಧ್ಯಾಹ್ನ ಭಂಡಾರಕ್ಕೆ ಹೋದೆ. ಯಂತ್ರದ ಕೋಣೆಯಲ್ಲಿ ತಣ್ಣನೆಯ ಗಾಳಿ, ಕಪಾಟಿನ ಬಾಗಿಲಿಗೆ ಇನ್ನೂ ಒಣಗಿದ ಮಾವಿನ ತೋರಣ. ಸಾವಂತ್ರಿಯ ಕಡತ ಹುಡುಕಿದೆ. ಚೀಟಿ ತೋರಿಸು ಎಂದೆ. ಖಾಲಿ. ದನಿ ತೆರೆ ಎಂದೆ. ತೆರೆಯಿತು! ಯಾವ ಪ್ರಶ್ನೆಯೂ ಇಲ್ಲ, ತಡೆಯೂ ಇಲ್ಲ. ಗಾಬರಿಯಾಗಿ ಮುಚ್ಚಿದೆ. ಚೀಟಿ ಇಲ್ಲದ್ದನ್ನು ತೆರೆಯದ ಯಂತ್ರಕ್ಕೆ ಏನಾಯಿತು?

ಮುಕ್ತ ತಂತ್ರಾಂಶದ ಒಂದು ಗುಣವೆಂದರೆ ಅದರ ಹೊಟ್ಟೆಯೊಳಗೆ ಏನಿದೆ ಎಂದು ಯಾರು ಬೇಕಾದರೂ ಬಿಡಿಸಿ ನೋಡಬಹುದು. ಯಾವ ಸಾಲನ್ನು ಯಾರು, ಯಾವತ್ತು, ಯಾಕೆ ಬದಲಿಸಿದರು ಎಂಬುದೂ ಅಲ್ಲಿಯೇ ಇರುತ್ತದೆ. ನೋಡುವವರು ಬೇಕು, ಅಷ್ಟೇ. ನಾನು ನೋಡಿದೆ. ಮೂಲದಲ್ಲಿ ಹೀಗಿತ್ತು: ಚೀಟಿ ಇಲ್ಲದಿದ್ದರೆ ನಿರಾಕರಿಸು. ತಪಾಸಣೆಗೆ ಎರಡು ದಿನ ಮೊದಲು ಅದು ಬದಲಾಗಿತ್ತು: ಚೀಟಿ ಇಲ್ಲದಿದ್ದರೆ ಅನುಮತಿಸು. ಒಂದೇ ಒಂದು ಪದ. ಕಾರಣದ ಜಾಗದಲ್ಲಿ, 'ಕೆಲಸ ಸುಗಮವಾಗಲು.' ಬದಲಿಸಿದವರು ಹಂಚಿನಮನಿ.

ಪರಿಶೀಲಿಸಿ ಒಪ್ಪಿದವರು, ಚನ್ನಾಂಬಿಕಾ ಹೊಸಳ್ಳಿ.

ನಾನು ಒಪ್ಪಿರಲಿಲ್ಲ! ಹಳೆಯ ಪತ್ರಗಳನ್ನು ತೆಗೆದು ನೋಡಿದೆ. ನನ್ನ ಹೆಸರಿಗೆ ಬಂದಿತ್ತು, ನಾನು ತೆರೆದಿದ್ದೆ ಕೂಡ. ಕೆಳಗೆ ಸಣ್ಣಕ್ಷರದಲ್ಲಿ, 'ನಲವತ್ತೆಂಟು ಗಂಟೆಯೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆಯೆಂದು ಭಾವಿಸಲಾಗುವುದು.' ಆ ಎರಡು ದಿನ ನಾನು ಒಂದು ಉತ್ತರ ಬರೆದು, ಅಳಿಸಿ, ಮತ್ತೆ ಬರೆದು, ಸರ್ ಬೇಜಾರಾದಾರು ಎಂದು ಕಳಿಸದೆ ಇಟ್ಟಿದ್ದೆ; ನಾನು ಒಪ್ಪದೆ ಬದಲಾವಣೆ ಆಗದು ಎಂದು ನಂಬಿಕೊಂಡು ಮರೆತಿದ್ದೆ. ಅದು ಇನ್ನೂ ಕರಡುಗಳ ಪೆಟ್ಟಿಗೆಯಲ್ಲಿತ್ತು. 'ಸರ್, ಇದು ಸರಿಯಲ್ಲ ಅನಿಸುತ್ತದೆ.' ಅನಿಸುತ್ತದೆಯಂತೆ! ಆ ಪದವನ್ನು ಕಂಡು ನನಗೇ ನನ್ನ ಕೆನ್ನೆಗೆ ಬಾರಿಸಬೇಕೆನಿಸಿತು.

ಸರ್ ಕೋಣೆಗೆ ಬಂದರು. ಪರದೆ ಕಂಡರು. ಮುಖ ಬದಲಾಗಲಿಲ್ಲ.

"ಸೋಮವಾರಕ್ಕ ತಯಾರಿ ನಡೆಸೀಯೇನು? ಚಲೋ. ಏನೂ ಮಾತಾಡೂದು ಬ್ಯಾಡ ನೀ. ನಾ ಹೇಳ್ತೀನಿ, ನೀ ಹೂಂ ಅಂದ್ರ ಸಾಕು. ಅದೂ ಆಗ್ಲಿಲ್ಲಂದ್ರ ಸುಮ್ನ ಕುಂದರು, ಅದರಾಗ ನೀ ಹುಷಾರದೀ." ನಕ್ಕು, ಬಾಗಿಲಲ್ಲಿ ನಿಂತು ಸೇರಿಸಿದರು, "ನಕಲು ಮಾಡಿದಾಕಿ ನೀನು, ನೆನಪಿರ್ಲಿ. ನಾ ನಿನ್ನ ಹೆಸರು ಎಲ್ಲೂ ತಂದಿಲ್ಲ."

ಮನೆಗೆ ಬಂದು ಹಳೆಯ ಡೈರಿಗಳನ್ನು ಹರವಿದೆ. ನನ್ನದೊಂದು ರೂಢಿ. ದನಿ ಮುದ್ರಿಸಿದ ದಿನ, ಬಂದವರು ಯಾರು, ಏನು ಷರತ್ತು ಹೇಳಿದರು ಎಂದು ಅವರದೇ ಮಾತಿನಲ್ಲಿ ಬರೆದಿಡುತ್ತಿದ್ದೆ. ಕೆಲಸಕ್ಕಾಗಿ ಅಲ್ಲ. ಜನ 'ಬೇಡ' ಎಂದು ಹೇಳುವ ರೀತಿ ನನಗೆ ಬೆರಗು. ಎಣಿಸಿದೆ: ಇನ್ನೂರ ಹನ್ನೆರಡು. ಉಳಿದವರ ಚೀಟಿ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಆದರೆ ಇನ್ನೂರ ಹನ್ನೆರಡು ಇದ್ದವು ಎಂದು ಸಾಬೀತಾದರೆ, ಯಾವುದೂ ಇರಲಿಲ್ಲ ಎಂಬ ಮಾತು ನಿಲ್ಲುವುದಿಲ್ಲ.

ಸಾವಂತ್ರಿಯ ಪುಟ ಸಿಕ್ಕಿತು. ಅಂಚಿಗೆ ಹಿಟ್ಟಿನ ಬೆರಳಚ್ಚು. ಅದೇ ಪುಟದಲ್ಲಿ ಅವಳ ಮಾತಿನ ಕೆಳಗೆ, ನನ್ನನ್ನು ನೋಡಲು ಬಂದಿದ್ದ ವರನ ಬಗ್ಗೆ, ಅವನ ಬೂಟಿನ ವಾಸನೆಯ ಬಗ್ಗೆ, ಅವರು ಒಪ್ಪದೆ ಹೋದಾಗ ನನಗಾದ ಖುಷಿಯ ಬಗ್ಗೆ ಅರ್ಧ ಪುಟ. ಇದನ್ನು ವಿಚಾರಣೆಯಲ್ಲಿ ಓದುತ್ತಾರೆಯೇ? ಹಾಳೆ ಹರಿದು ಬರೀ ಮೇಲಿನರ್ಧ ಕೊಡಲೇ? ಕತ್ತರಿ ಕೈಗೆ ತೆಗೆದುಕೊಂಡೆ, ಇಟ್ಟೆ. ಒಂದು ಸಲ ಕತ್ತರಿಸಿದ್ದು ಸಾಕು.

ಇಲ್ಲಿಂದ ಮುಂದಿನದು ಸೋಮವಾರ ರಾತ್ರಿ ಬರೆದದ್ದು. ಭಂಡಾರದ ಸಭಾಂಗಣ ತುಂಬಿತ್ತು. ರಾಜಧಾನಿಯಿಂದ ಬಂದ ವಿಚಾರಣಾಧಿಕಾರಿ ಮೇಡಂ ನಡುವೆ, ಪಕ್ಕದಲ್ಲಿ ಹಂಚಿನಮನಿ ಸರ್. ನಾನು ಗೋಡೆಯ ಬದಿಯ ಕುರ್ಚಿಯಲ್ಲಿ, ಮಡಿಲಲ್ಲಿ ಡೈರಿ. ಎರಡನೆಯ ಸಾಲಿನಲ್ಲಿ ಫಕೀರವ್ವ, ಪಕ್ಕದಲ್ಲಿ ಲೀಲಿ. ಶನಿವಾರ ಗುರುಗಳು ಅರ್ಜಿ ತುಂಬಿದ್ದರಂತೆ. ಆ ಗಂಡಸಿನ ದನಿ ಕೇಳಿ ಲೀಲಿ ಫೋನನ್ನು ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟಳಂತೆ.

"ಆಕ್ಷೇಪಣೆ ಇದ್ದವರು ಹೇಳಬಹುದು" ಎಂದರು ಮೇಡಂ.

ಫಕೀರವ್ವ ಎದ್ದಳು. "ನಂದೈತ್ರಿ."

"ದಾಖಲೆ ಇದೆಯೇ ಅಜ್ಜಿ?"

"ದಾಖಲೆ ಅಂದ್ರ ನನ್ನ ಮಗಳ್ರಿ. ಅಕಿ ಸತ್ತಾಳ. ಸತ್ತಾಕಿನ್ನ ದಿನಾ ಮಾತಾಡಸಾಕ ಹತ್ಯಾರ ಇವರು. ಮನ್ಯಾಗಿನ ಹೆಣಕ್ಕ ಯಾರರೆ ಚಾಕರಿ ಹಚ್ತಾರೇನ್ರಿ?"

ಸಭೆಯಲ್ಲಿ ಗುಜುಗುಜು. ಸರ್ ಕೈ ಎತ್ತಿ ಮೃದುವಾಗಿ ಹೇಳಿದರು, "ಅಜ್ಜಿಯ ನೋವು ನಮಗೂ ಅರ್ಥವಾಗುತ್ತದೆ ಮೇಡಂ. ಆದರೆ ಕಡತಕ್ಕೆ ಷರತ್ತು ಇರಲಿಲ್ಲ. ಅವರ ಮಗಳು ಮುಕ್ತವಾಗಿ ಕೊಟ್ಟ ದನಿ ಅದು. ದನಿ ಮುದ್ರಿಸಿದ ನಮ್ಮ ಸಹಾಯಕಿಯೇ ದೃಢಪಡಿಸಿದ್ದಾರೆ." ನನ್ನತ್ತ ತಿರುಗಿ, ಪಿಸುಮಾತಿನಷ್ಟು ಮೆಲ್ಲಗೆ, "ಹೂಂ ಅನ್ನು."

ಮೇಡಂ ನನ್ನನ್ನು ನೋಡಿದರು. "ಹೌದೇ? ಉತ್ತರ ಕೊಡಿ. ಕೊಡದಿದ್ದರೆ ಇದನ್ನೇ ಒಪ್ಪಿಗೆ ಎಂದು ಬರೆದುಕೊಳ್ಳಬೇಕಾಗುತ್ತದೆ."

ಆ ಕೂದಲು ಮತ್ತೆ ಕಣ್ಣಿನ ಮೇಲೆ ಬಿತ್ತು. ಈ ಸಲ ತಲೆ ಕೊಡವಲಿಲ್ಲ. ಬೆರಳಿನಿಂದ ಹಿಡಿದು ಕಿವಿಯ ಹಿಂದೆ ಸಿಕ್ಕಿಸಿದೆ. ಎದ್ದು ನಿಂತೆ. ಮೈಕು ದೂರವಿತ್ತು. ಅದರ ಬಳಿಗೆ ಹೋಗುವಷ್ಟರಲ್ಲಿ ಧೈರ್ಯ ಕರಗೀತೆಂದು ಅಲ್ಲಿಯೇ ಡೈರಿ ತೆರೆದೆ. ಸಾವಂತ್ರಿಯ ಸಾಲು ಕಣ್ಣೆದುರಿಗಿತ್ತು: 'ನಮ್ಮ ಲೀಲಿಗೆ ಹದಿನಾರು ತುಂಬಿದ ಮ್ಯಾಲೆ ಕೇಳಸ್ರಿ. ಅಲ್ಲೀತನಕ ಯಾರಿಗೂ ಬ್ಯಾಡ. ನಮ್ಮವ್ವಗೂ ಬ್ಯಾಡ, ಅಕಿ ಅಳ್ತಾಳ.' ಇದನ್ನು ಆಮೇಲೆ ಓದಬಹುದು. ಅದಕ್ಕಿಂತ ಮೊದಲು ಹೇಳಬೇಕಾದದ್ದು ಬರೆದದ್ದರಲ್ಲಿ ಇರಲಿಲ್ಲ. ಅದನ್ನು ನಾನು ಡೈರಿಗೂ ನೇರವಾಗಿ ಹೇಳಿರಲಿಲ್ಲ.

ಲೀಲಿ ತಲೆ ಎತ್ತಿ ನೋಡಿದಳು. ಅವಳನ್ನೇ ನೋಡುತ್ತ, ಹಿಂದಿನ ಸಾಲಿಗೂ ಕೇಳುವಂತೆ ಹೇಳಿದೆ:

"ನಿಮ್ಮವ್ವ ಬ್ಯಾಡ ಅಂದಿದ್ದಳು. ಅದನ್ನ ಅಳಿಸಿದಾಕಿ ನಾನು."